ಒಂಬತ್ತು ತಿಪಟೂರು ದೂರ

ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ನಾನು ನಿಂತಿದ್ದುದು ಪಕ್ಕದ ಮನೆಯ ಮಾವನ ಜಗಲಿಯ ಮುಂದೆ, ವ್ಯಾನಿನ ಎಡಗಡೆಯ ಮುಂದಿನ ಚಕ್ರದಿಂದ ಮೂರು ಹೆಜ್ಜೆ ದೂರದಲ್ಲಿ. ಬಲಗೈಯಲ್ಲಿ ತಾಳವಿತ್ತು. ಎಡಗೈ ಖಾಲಿ ಇತ್ತು. ಅದರಲ್ಲಿದ್ದ ತೆಂಗಿನಕಾಯಿಯನ್ನು ಆಗಷ್ಟೇ ವ್ಯಾನಿನ ಚಾಲಕ ಶಿವಣ್ಣನಿಗೆ ಕೊಟ್ಟಿದ್ದೆ. ಮಾವ ಜಗಲಿಯ ಎರಡನೇ ಕಂಬಕ್ಕೆ ಒರಗಿ, ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ ನಿಂತಿದ್ದರು. ನನಗೂ ಅವರಿಗೂ ನಡುವೆ ಎಂಟು ಹೆಜ್ಜೆ ಇದ್ದಿರಬಹುದು. ಅವರ ಮುಖ ನನಗೆ ಪೂರ್ತಿ ಕಾಣುತ್ತಿತ್ತು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಹೋದ ತಿಂಗಳು ಅವರು ತೀರಿಕೊಂಡರು. ಮಣ್ಣಿಗೆ ಬಂದ ಜನ ಆ ಬೆಳಗಿನ ಮಾತೆತ್ತಿ ಒಬ್ಬೊಬ್ಬರು ಒಂದೊಂದು ಹೇಳಿದರು. ಕಾಯಿ ತಾನಾಗಿಯೇ ಇಬ್ಭಾಗವಾಯಿತು ಎಂದರು ಒಬ್ಬರು. ಅವರೇ ಸಿಟ್ಟಿನಲ್ಲಿ ನೆಲಕ್ಕೆ ಅಪ್ಪಳಿಸಿದರು ಎಂದರು ಇನ್ನೊಬ್ಬರು. ಎರಡೂ ನಿಜವಲ್ಲ. ನಾನು ಊರಿನ ಹಾಲಿನ ಡೈರಿಯಲ್ಲಿ ಹಾಲಿಗೆ ಮಾಪಕ ಇಳಿಸಿ ಡಿಗ್ರಿ ನೋಡಿ ಬರೆಯುವವನು. ಕಂಡದ್ದಕ್ಕಿಂತ ಹೆಚ್ಚು ಬರೆದರೆ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಇದನ್ನೂ ನಿಧಾನವಾಗಿ ಬರೆಯುತ್ತೇನೆ.

ಅವರ ಹೆಸರು ಬೇಡ. ಹಂದನಕೆರೆಯ ಸುತ್ತಲಿನವರಿಗೆ ಹೇಳದೆಯೂ ಗೊತ್ತಾಗುತ್ತದೆ. ನಾನು ಅವರನ್ನು ಮಾವ ಎನ್ನುತ್ತಿದ್ದೆ. ನೆಂಟಸ್ತಿಕೆ ಏನೂ ಇರಲಿಲ್ಲ, ಎರಡು ಮನೆಗೂ ಗೋಡೆ ಒಂದೇ.

ಅವರು ಮೂವತ್ತು ತುಂಬುವವರೆಗೆ ತೆಂಗಿನಮರ ಹತ್ತುತ್ತಿದ್ದರು. ಊರಲ್ಲಿ ಎಲ್ಲರಿಗಿಂತ ಮೊದಲು ಹೊತ್ತು ಹುಟ್ಟುವುದನ್ನು ಕಾಣುವವನು ತಾನೇ ಎಂಬ ಜಂಬ ಅವರಿಗಿತ್ತು. ಬಿಳಿ ಗೀಟು ಎಳೆದುಕೊಂಡು ಹೋಗುವ ವಿಮಾನವನ್ನು ಅವರು ಮೊದಲ ಸಲ ಮನಸ್ಸಿಟ್ಟು ನೋಡಿದ್ದೂ ಮರದ ತುದಿಯಿಂದಲೇ. ಇಳಿದು ಬಂದು ತೋಟದ ಯಜಮಾನರನ್ನು, “ಅದು ಎಲ್ಲಿಗೆ ಹೋಯ್ತದೆ, ಎಷ್ಟೊತ್ತಿಗೆ ಮುಟ್ತದೆ?” ಎಂದು ಕೇಳಿದರಂತೆ. “ನೀನು ಅದ್ರ ಕಂಡಕ್ಟ್ರೇನ್ಲಾ? ಇನ್ನೊಂದು ಮರ ಹತ್ತು” ಎಂದರಂತೆ ಯಜಮಾನರು. ಆ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ ಎನ್ನುವುದೇ ಅವರ ಉಳಿದ ಜೀವಮಾನದ ಸಂಗತಿ ಎಂದು ನನಗೆ ಅನ್ನಿಸುತ್ತದೆ.

ಒಂದು ಮಳೆಗಾಲದಲ್ಲಿ ಮರದಿಂದ ಜಾರಿ ಎಡಗಾಲಿನ ಹರಡು ಮುರಿಯಿತು. ಆಮೇಲೆ ತಿಪಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿಯ ಗೋದಾಮಿನಲ್ಲಿ ಉಂಡೆ ಆರಿಸುವ ಕೆಲಸಕ್ಕೆ ಸೇರಿದರು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ವರ್ಷದ ಹತ್ತಿರ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು ಉಂಡೆಯಾಗಿ ಒಳಗೇ ಗಡಗಡ ಎನ್ನುತ್ತದೆ. ಕರಟ ಒಡೆದಾಗ ಆ ಉಂಡೆ ಬಿರುಕಿಲ್ಲದೆ ಹೊರಗೆ ಬರಬೇಕು, ಅದೇ ಮೊದಲ ದರ್ಜೆ. ಮಾವ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ ಒಳಗೆ ಏನಿದೆ ಎಂದು ಹೇಳುತ್ತಿದ್ದರು. ಒಡೆದರೆ ಹಾಗೇ ಇರುತ್ತಿತ್ತು. ಉಂಡೆಯ ವಿಷಯದಲ್ಲಿ ಅವರ ಮಾತಿಗೆ ಎದುರು ಮಾತಾಡುವವರು ಆ ಬೀದಿಯಲ್ಲಿ ಇರಲಿಲ್ಲ.

ಬೇರೆ ವಿಷಯದಲ್ಲಿ ಎಲ್ಲರೂ ಎದುರು ಮಾತಾಡುತ್ತಿದ್ದರು.

ಹಳೆ ಪುಸ್ತಕದ ಅಂಗಡಿಯಿಂದ ಅವರು ಒಂದು ಭೂಪಟದ ಪುಸ್ತಕ ತಂದಿದ್ದರು. ಭೂಮಿಯ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರ್ ಎಂದು ಅದರಲ್ಲಿ ಓದಿದ ದಿನ ನಮ್ಮ ಮನೆಗೆ ಬಂದು ನನ್ನನ್ನು ಊಟದಿಂದ ಎಬ್ಬಿಸಿದರು.

“ಸುತ್ತಳತೆ ನಲವತ್ತು ಸೆಂಟಿಮೀಟ್ರು ಇರೋ ಒಂದು ಕಾಯಿ ಸಿಕ್ಬುಟ್ರೆ ಏನಾಯ್ತದೆ ಹೇಳ್ಲಾ?”

“ದೊಡ್ಡ ಕಾಯಿ ಸಿಕ್ಕಂಗಾಯ್ತದೆ ಮಾವ.”

“ಥೂ, ನಿನ್ನ. ಒಂದು ಸೆಂಟಿಮೀಟ್ರು ಅಂದ್ರೆ ಸಾವಿರ ಕಿಲೋಮೀಟ್ರು ಕಣ್ಲಾ. ದಾರ ಎಳ್ದು ಹಿಡಿದ್ರೆ ಯಾವ ಊರಿಂದ ಯಾವ ಊರಿಗೆ ಎಷ್ಟು ಅಂತ ಕೂತಲ್ಲೇ ಗೊತ್ತಾಯ್ತದೆ.”

ಆದರೆ ತೆಂಗಿನಕಾಯಿ ಭೂಮಿಯಷ್ಟು ಗುಂಡಗಿರುವುದಿಲ್ಲ. ಒಂದು ಕಡೆ ಅಳೆದರೆ ಮೂವತ್ತೆಂಟು, ಇನ್ನೊಂದು ಕಡೆ ನಲವತ್ತೆರಡು. ಅವರಿಗೆ ಹೇಗೆ ಅಳೆದರೂ ನಲವತ್ತೇ ಬರುವ ಕಾಯಿ ಬೇಕಿತ್ತು. ಹನ್ನೆರಡು ವರ್ಷ ಹುಡುಕಿದರು. ದರ್ಜಿಯ ಟೇಪು ಜೇಬಿನಲ್ಲೇ ಇರುತ್ತಿತ್ತು. ಗೋದಾಮಿನ ನೆಲದ ಮೇಲೆ ಕಾಯಿ ಉರುಳಿಸಿ, ಅದು ಸೊಟ್ಟಗೆ ಹೋಗುತ್ತದೋ ನೆಟ್ಟಗೆ ಹೋಗುತ್ತದೋ ಎಂದು ಮೊಣಕಾಲೂರಿ ನೋಡುತ್ತಿದ್ದರು. ಅವರ ಹೆಂಡತಿ ಗೌರಮ್ಮತ್ತೆ ಬಂದವರೆದುರು ಹೇಳುತ್ತಿದ್ದರು: “ಹೆಣ್ಣು ನೋಡೋಕೆ ಬಂದಾಗ ನನ್ನನ್ನ ಇದ್ರಲ್ಲಿ ಅರ್ಧನೂ ನೋಡ್ಲಿಲ್ಲ ಕಣ್ರೀ ಇವ್ರು.”

“ನಿನ್ನ ಅಳತೆ ಹಿಡಿಯೋಕೆ ನಿಮ್ಮಪ್ಪ ಬುಡ್ಬೇಕಿತ್ತಲ್ಲ” ಎನ್ನುವರು ಮಾವ.

ಕೊನೆಗೆ ಮಾಯಸಂದ್ರದ ಕಡೆಯಿಂದ ಬಂದ, ಸಿಪ್ಪೆ ಸುಲಿದ ಕಾಯಿಯ ಒಂದು ಲೋಡಿನಲ್ಲಿ ಆ ಕಾಯಿ ಸಿಕ್ಕಿತು. ಮೂರು ಕಡೆ ಅಳೆದರು, ನನ್ನಿಂದಲೂ ಅಳೆಸಿದರು. ನಲವತ್ತು, ನಲವತ್ತು, ನಲವತ್ತಕ್ಕೆ ಒಂದು ನೂಲು ಕಡಿಮೆ. ಒಳಗೆ ಉಂಡೆ ಗಡಗಡ ಎನ್ನುತ್ತಿತ್ತು. ಕರಟಕ್ಕೆ ಅಂಟಿದ್ದ ನಾರನ್ನು ಹೆರೆದು, ಜುಟ್ಟು ಮಾತ್ರ ಉಳಿಸಿದರು. ಜುಟ್ಟೇ ಉತ್ತರ ಧ್ರುವ. ಕಾದ ದಬ್ಬಣದಿಂದ ಸುಟ್ಟು ಸುಟ್ಟು ದೇಶಗಳ ಅಂಚು ಎಳೆದರು. ಕಂದು ಕರಟದ ಮೇಲೆ ಕಪ್ಪು ಗೆರೆ. ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು. ಈ ಮಾತನ್ನು ಮುಂದೆ ನೆನಪಿಡಬೇಕು.

ದೂರ ಗೊತ್ತಾಯಿತು, ಹೊತ್ತು ಗೊತ್ತಾಗಬೇಕಲ್ಲ. ವಿಮಾನ ಏರುವುದು, ಇಳಿಯುವುದು, ಗಾಳಿ ಎಲ್ಲ ಸೇರಿಸಿ ಸಾವಿರ ಕಿಲೋಮೀಟರಿಗೆ ಒಂದೂಕಾಲು ಗಂಟೆ ಎಂದು ಅವರು ಗೊತ್ತುಮಾಡಿಕೊಂಡಿದ್ದರು. ನಮ್ಮೂರಿನಿಂದ ತಿಪಟೂರಿಗೆ ಅವರ ಬಸ್ಸು, ಎಲ್ಲ ಕಡೆ ನಿಂತು ನಿಂತು ಹೋಗಲು ತೆಗೆದುಕೊಳ್ಳುತ್ತಿದ್ದುದೂ ಒಂದೂಕಾಲು ಗಂಟೆ. ಹೀಗಾಗಿ ಅವರ ಲೆಕ್ಕದಲ್ಲಿ ಒಂದು ಸೆಂಟಿಮೀಟರ್ ಎಂದರೆ ಒಂದು ತಿಪಟೂರು. ಬೆಂಗಳೂರಿನಿಂದ ಲಂಡನ್ನಿಗೆ ಎಂಟು ತಿಪಟೂರು. ಸ್ಯಾನ್ ಫ್ರಾನ್ಸಿಸ್ಕೋಗೆ ಹದಿನಾಲ್ಕು. ಅಮೆರಿಕ ಪಶ್ಚಿಮಕ್ಕಿದೆ ಎಂದು ಗೋದಾಮಿನ ಗುಮಾಸ್ತರು ವಾದಿಸಿದಾಗ ಮಾವ ನಾರಿನ ಎಳೆಯೊಂದನ್ನು ಕಾಯಿಯ ಮೇಲೆ ಬಿಗಿಯಾಗಿ ಎಳೆದು ತೋರಿಸಿದರು. ಅದು ಹಿಮಾಲಯ ದಾಟಿ, ಚೀನಾ ದಾಟಿ, ರಷ್ಯದ ಹಿಮದ ಮೇಲೆ ಜುಟ್ಟಿನ ಪಕ್ಕದಲ್ಲೇ ಹಾದು ಆ ಕಡೆ ಇಳಿಯಿತು. ಗುಮಾಸ್ತರು ಎಳೆಯನ್ನು ಎರಡು ಸಲ ಪಶ್ಚಿಮಕ್ಕೆ ಜಗ್ಗಿದರು. ಕೈ ಬಿಟ್ಟರೆ ಅದು ಸಡಿಲವಾಗುತ್ತಿತ್ತು.

“ಫೋನಲ್ಲಿ ಒತ್ತಿದ್ರೆ ಒಂದು ನಿಮ್ಷದಾಗೆ ಬತ್ತದೆ ಮಾವ” ಎಂದು ನಾನು ಹೇಳುತ್ತಿದ್ದೆ.

“ಬತ್ತದೆ. ನಿನ್ನ ಫೋನು ಹೇಳ್ತದೆ ಅಷ್ಟೆ. ಯಾವ ಕಡಿಂದ ಹೋಗ್ಬೇಕು ಅಂತ ಬೆರಳಿಗೆ ತಿಳೀತದಾ?” ಎನ್ನುವರು. ಆಮೇಲೆ ಮೆಲ್ಲಗೆ, “ಎಷ್ಟು ತೋರುಸ್ತದೆ ನೋಡು” ಎಂದು ಕೇಳುವರು. ನೂರು ಕಿಲೋಮೀಟರ್ ವ್ಯತ್ಯಾಸ ಬಂದರೆ ಆ ಒಂದು ನೂಲಿನ ಮೇಲೆ ತಪ್ಪು ಹೊರಿಸುವರು. ಸ್ವತಃ ಅವರು ವಿಮಾನ ಹತ್ತಿದವರಲ್ಲ. ಹತ್ತುವ ಆಸೆಯ ಮಾತನ್ನೂ ನಾನು ಅವರ ಬಾಯಲ್ಲಿ ಕೇಳಲಿಲ್ಲ.

ನಮ್ಮೂರಲ್ಲಿ ಐದು ಜನರ ವೀರಗಾಸೆ ತಂಡವಿದೆ. ಹಿರಿಯರು ಗುರುಸಿದ್ದಣ್ಣ, ಆಗ ಎಪ್ಪತ್ತರ ಹತ್ತಿರ. ಕುಣಿತದ ನಡುವೆ ವೀರಭದ್ರನ ಕಥೆಯ ಒಡಪು ಹೇಳುವವರು ಅವರೊಬ್ಬರೇ. ಅವರಿಲ್ಲದೆ ತಂಡವಿಲ್ಲ. ನಾನು ತಾಳ ಹಾಕುತ್ತೇನೆ. ಯುಗಾದಿಗೆ ಸಿಡ್ನಿಯ ಕನ್ನಡಿಗರು ನಮ್ಮನ್ನು ಕರೆಸಿಕೊಳ್ಳಲು ಒಪ್ಪಿದರು. ಟಿಕೆಟ್ಟೂ ಬಂತು. ಆಗ ಗುರುಸಿದ್ದಣ್ಣ ತಾವು ಬರುವುದಿಲ್ಲ ಎಂದುಬಿಟ್ಟರು.

ಅವರಿಗೆ ಒಂದು ವ್ರತವಿತ್ತು. ಲಿಂಗದೀಕ್ಷೆಯಾದ ದಿನದಿಂದ ಹೊತ್ತು ಹುಟ್ಟುವಾಗ ಇಷ್ಟಲಿಂಗ ಪೂಜೆ ಮಾಡದೆ ಬಾಯಿಗೆ ಒಂದು ಹನಿ ನೀರೂ ಹಾಕಿದವರಲ್ಲ. ಜ್ವರ ಬಂದಾಗಲೂ ತಪ್ಪಿಸಿರಲಿಲ್ಲ. ಅವರ ಪ್ರಶ್ನೆ ಇಷ್ಟೇ: ಆಕಾಶದಲ್ಲಿ ಹೊತ್ತು ಎಲ್ಲಿ ಹುಟ್ಟುತ್ತದೆ, ಯಾವಾಗ ಹುಟ್ಟುತ್ತದೆ? ಟಿಕೆಟ್ಟು ಮಾಡಿಕೊಟ್ಟವರು ಊಟ ಸಸ್ಯಾಹಾರವೇ ಎಂದು ಹೇಳಿದರು. ಉಳಿದ ನಾವು ನಾಲ್ಕು ಜನ ಜೀವಮಾನದಲ್ಲಿ ಒಂದು ಸಲ ವಿಮಾನ ಹತ್ತುತ್ತೇವೋ ಇಲ್ಲವೋ ಎನ್ನುವುದು ಆ ಒಂದು ಪ್ರಶ್ನೆಯ ಮೇಲೆ ನಿಂತಿತು.

ನಾನು ಗುರುಸಿದ್ದಣ್ಣನವರನ್ನು ಮಾವನ ಮನೆಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಹತ್ತು ಗಂಟೆ. ನಡುಮನೆಯ ಗಾಜಿನ ಹೆಂಚಿನಿಂದ ಬಿಸಿಲಿನ ಕೋಲು ಇಳಿದಿತ್ತು. ಮಾವ ಗೋಡೆಯ ಮೇಲಿನ ಗೂಡಿನಿಂದ ಕಾಯಿ ತೆಗೆದರು. ಬೆಂಗಳೂರಿನ ಮೇಲೆ ಒಂದು ರಾಗಿ ಕಾಳನ್ನು ಬೆಲ್ಲದ ಅಂಟಿನಿಂದ ಕೂರಿಸಿದರು. ಎಳೆ ಹಿಡಿದು ಅಳೆದರು.

“ಸಿಡ್ನಿಗೆ ಒಂಬತ್ತು ತಿಪಟೂರು ಅಣ್ಣ. ಅದರ ಮೇಲೆ ಚೂರು.”

“ಒಂಬತ್ತಾ? ಒಂದು ತಿಪಟೂರಿಗೇ ನನ್ನ ಸೊಂಟ ಹಿಡ್ಕತದೆ ಕಣಪ್ಪ.”

“ಮೇಲೆ ಗುಂಡಿ ಇರಕಿಲ್ಲ ಬುಡಿ. ಯಾರೂ ಕೈ ಒಡ್ಡಿ ನಿಲ್ಸಾಕೂ ಇಲ್ಲ.”

ಸಂಜೆ ಆರೂವರೆಗೆ ವಿಮಾನ. ಮಾವ ಕಾಯಿಯನ್ನು ಬಿಸಿಲಿನ ಕೋಲಿಗೆ ಒಡ್ಡಿ, ರಾಗಿ ಕಾಳು ಕತ್ತಲೆಯ ಕಡೆ ಸರಿಯುವ ಹಾಗೆ ಹಿಡಿದರು. ಒಂದು ತಿಪಟೂರಿಗೆ ಎಷ್ಟು ತಿರುಗಬೇಕೋ ಅಷ್ಟು ಕಾಯಿ ತಿರುಗಿಸಿ, ಕಾಳನ್ನು ಒಂದು ಸೆಂಟಿಮೀಟರ್ ಮುಂದೆ ಇಟ್ಟರು. ಮತ್ತೆ ತಿರುಗಿಸಿದರು, ಮತ್ತೆ ಇಟ್ಟರು. ಗುರುಸಿದ್ದಣ್ಣ ಕುಕ್ಕರಗಾಲಿನಲ್ಲಿ ಕುಳಿತು, ಮೊದಮೊದಲು ನಗುತ್ತಿದ್ದವರು, ಆಮೇಲೆ ಮುಂದಕ್ಕೆ ಬಾಗಿ ನೋಡಿದರು. ಆರು ತಿಪಟೂರು ಕಳೆದು ಏಳನೆಯದರ ಅರ್ಧಕ್ಕೆ ಬಂದಾಗ, ಆಸ್ಟ್ರೇಲಿಯದ ನೆತ್ತಿಯ ಹತ್ತಿರ, ಕಾಳಿನ ಮೇಲೆ ಬಿಸಿಲು ಬಿತ್ತು.

“ಇಲ್ಲಿ ನೋಡಿ. ಇಲ್ಲಿ ಹುಟ್ತದೆ. ನಿಮ್ಮ ಕೈಗಡಿಯಾರ ತಿರುಗುಸ್ಬ್ಯಾಡಿ, ನಮ್ಮೂರಿನ ಹೊತ್ತೇ ಇರ್ಲಿ. ಎರಡೂ ನಲವತ್ತು. ಎಡಗಡೆ ಕಿಟಕಿ.”

“ರಾತ್ರಿ ಎರಡೂ ನಲವತ್ತಕ್ಕೆ ಹೊತ್ತು ಹುಟ್ತದಾ?”

“ನಾವು ಮಲಗಿರ್ತೀವಿ. ನಿಮಗೆ ಹುಟ್ತದೆ.”

ಗುರುಸಿದ್ದಣ್ಣ ಆ ಕಾಳನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. “ಆಯ್ತಪ್ಪ, ಬತ್ತೀನಿ” ಎಂದರು. ಆದರೆ ಅವರ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಹೊರಡುವ ದಿನದವರೆಗೂ ಬೆಕ್ಕು, ಸೀನು, ಹಲ್ಲಿ ಎಂದು ಏನಾದರೂ ಒಂದನ್ನು ಎಣಿಸುತ್ತಲೇ ಇದ್ದರು. ಒಂದು ಅಪಶಕುನ ಕಂಡರೆ ಇಳಿದು ಮನೆಗೆ ಹೋಗುತ್ತಾರೆ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಮಾವನಿಗೂ ಗೊತ್ತಿತ್ತು.

ಈಗ ಆ ಬೆಳಿಗ್ಗೆ.

ವ್ಯಾನು ಮಾವನ ಮನೆಯ ಮುಂದೆಯೇ ನಿಂತಿತ್ತು. ತಂಡದವರು ಸಮಾಳ, ಕರಡೆ ಎರಡೂ ವಾದ್ಯ ಬಾರಿಸುತ್ತಿದ್ದರು. ವ್ಯಾನಿಗೆ ದೃಷ್ಟಿಯ ಇಳಿ ತೆಗೆದು ಒಡೆಯಲು ತಂದಿದ್ದ ಕಾಯಿಯನ್ನು ಯಾರೋ ಜುಟ್ಟು ಕಿತ್ತು ಬೋಳು ಮಾಡಿದ್ದರು. ಗುರುಸಿದ್ದಣ್ಣ ಅದನ್ನು ನೋಡಿ, “ಜುಟ್ಟಿಲ್ಲದ ಕಾಯಿ ಒಡೀತೀರೇನ್ರಪ್ಪ?” ಎಂದರು. ಅವರ ದನಿ ಕೇಳಿ ನನಗೆ ಹೆದರಿಕೆಯಾಯಿತು. ನಾನು ಮಾವನ ಮನೆಯೊಳಕ್ಕೆ ಓಡಿದೆ. “ಅತ್ತೆ, ಜುಟ್ಟಿರೋ ಕಾಯಿ” ಎಂದೆ. ಗೌರಮ್ಮತ್ತೆ ಒಲೆಯ ಮುಂದಿನಿಂದಲೇ, “ಗೂಡಲ್ಲೈತೆ ತಗೊಳ್ಳಪ್ಪ” ಎಂದರು. ಅವರು ಹೇಳಿದ್ದು ಕೆಳಗಿನ ಗೂಡು. ನಾನು ಕೈ ಹಾಕಿದ್ದು ಮೇಲಿನ ಗೂಡು. ಒಳಗೆ ಕತ್ತಲೆ ಇತ್ತು. ಕೈಗೆ ಜುಟ್ಟು ಸಿಕ್ಕಿತು, ಹಿಡಿದು ಓಡಿ ಬಂದೆ. ಒಳಗೆ ಉಂಡೆ ಗಡಗಡ ಎಂದಿರಲೇಬೇಕು. ಹೊರಗೆ ಸಮಾಳದ ಸದ್ದಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಬೆಳಕಿನಲ್ಲಿ ಒಮ್ಮೆ ತಿರುಗಿಸಿ ನೋಡಬಹುದಿತ್ತು. ನೋಡಲಿಲ್ಲ.

ಶಿವಣ್ಣ ಕಾಯಿಯ ಮೇಲೆ ಕರ್ಪೂರ ಹಚ್ಚಿ ವ್ಯಾನಿನ ಮುಂದೆ ಇಳಿ ತೆಗೆಯಲು ಶುರುಮಾಡಿದ. ಮೊದಲ ಸುತ್ತಿನಲ್ಲಿ ನನಗೆ ಏನೂ ಕಾಣಲಿಲ್ಲ. ಎರಡನೇ ಸುತ್ತಿನಲ್ಲಿ ಕರ್ಪೂರದ ಬೆಳಕು ಕರಟದ ಮೇಲೆ ಬಿತ್ತು. ಕಪ್ಪು ಗೆರೆ ಕಂಡಿತು. ಆಫ್ರಿಕದ ಮೂತಿ ಎಂದು ನನಗೆ ತಕ್ಷಣ ತಿಳಿಯಿತು. ಮಾವನ ಕಡೆ ನೋಡಿದೆ. ಅವರೂ ಕಂಡಿದ್ದರು. ಅವರ ಕೈ ಕಂಬ ಬಿಟ್ಟು ಮೇಲೆದ್ದಿತು. ಬಾಯಿ ತೆರೆದರು.

ಆ ಹೊತ್ತಿನಲ್ಲಿ ಗುರುಸಿದ್ದಣ್ಣ ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದು ಕಾಲು ನೆಲದಲ್ಲೇ ಇಟ್ಟು, ಕಾಯಿಯನ್ನೇ ನೋಡುತ್ತಿದ್ದರು. ಮಾವ ಅವರ ಕಾಲನ್ನು ನೋಡಿದರು. ಆಮೇಲೆ ಕಾಯಿಯನ್ನು ನೋಡಿದರು. ಬಾಯಿ ಮುಚ್ಚಿದರು.

ಶಿವಣ್ಣ ಮೂರನೇ ಸುತ್ತು ಮುಗಿಸಿ ಕಾಯಿಯನ್ನು ಕಲ್ಲಿಗೆ ಹೊಡೆದ. ಒಂದು ಸುತ್ತು ತಿರುಗುವಷ್ಟು ಸಮಯವಿತ್ತು. ‘ಬ್ಯಾಡ’ ಎಂದಿದ್ದರೆ ನಿಲ್ಲುತ್ತಿತ್ತು. ನಾನೂ ಅನ್ನಬಹುದಿತ್ತು. ನನಗೆ ಮಾತು ಬರಲಿಲ್ಲ. ಅವರಿಗೆ ಬಂದಿತ್ತು, ನುಂಗಿಕೊಂಡರು.

ಕರಟ ನಾಲ್ಕು ಚೂರಾಯಿತು. ಒಳಗಿನಿಂದ ನೀರು ಚಿಮ್ಮಲಿಲ್ಲ. ಒಣ ಉಂಡೆಯೊಂದು ಉರುಳಿಕೊಂಡು ಹೋಗಿ ಗುರುಸಿದ್ದಣ್ಣನವರ ನೆಲದ ಮೇಲಿದ್ದ ಕಾಲಿಗೆ ತಾಗಿ ನಿಂತಿತು. ಸಮಾಳ ನಿಂತಿತು. “ಒಣಗಾಯಿ” ಎಂದರು ಗುರುಸಿದ್ದಣ್ಣ. ಮೆಟ್ಟಿಲ ಮೇಲಿದ್ದ ಕಾಲನ್ನೂ ಕೆಳಗಿಟ್ಟರು.

ಮಾವ ಜಗಲಿ ಇಳಿದು ಕುಂಟುತ್ತ ಬಂದರು. ಚೂರುಗಳ ಕಡೆ ನೋಡಲೇ ಇಲ್ಲ. ಉಂಡೆಯನ್ನು ಎತ್ತಿಕೊಂಡು, ಟವೆಲಿನಿಂದ ಮಣ್ಣು ಒರೆಸಿ, ಗೋದಾಮಿನಲ್ಲಿ ಮಾಡುವ ಹಾಗೆ ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದರು.

“ಒಂದು ಬಿರುಕಿಲ್ಲ ಅಣ್ಣ. ಕಲ್ಲಿಗೆ ಹೊಡೆದ್ರೂ ಉಂಡೆ ಹಿಂಗ್ ಬರೋದು ನಾನು ಈ ಕೆಲಸಕ್ಕೆ ಸೇರಿದಾಗ್ನಿಂದ ನೋಡಿಲ್ಲ. ಹಿಡೀರಿ.”

ಗುರುಸಿದ್ದಣ್ಣ ಹಿಡಿದರು. ಅವರೂ ಕೊಬ್ಬರಿ ಬೆಳೆದವರೇ. ತಿರುಗಿಸಿ ನೋಡಿದರು, ಕಿವಿಯ ಹತ್ತಿರ ತಂದು ಬೆರಳಲ್ಲಿ ತಟ್ಟಿದರು, ಮೂಸಿದರು. “ಮೊದಲ ದರ್ಜೆ” ಎಂದರು. ವ್ಯಾನು ಹತ್ತಿದರು. ಸಮಾಳ ಮತ್ತೆ ಶುರುವಾಯಿತು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಶಿವಣ್ಣ ಗುರುಸಿದ್ದಣ್ಣನವರ ಕೈಯಲ್ಲಿದ್ದ ಉಂಡೆ ನೋಡಿ, “ಅದನ್ನ ಒಳಗೆ ಬುಡಕಿಲ್ಲ ಕಣಣ್ಣ. ಎಣ್ಣೆ ಐತಲ್ಲ, ಬೆಂಕಿ ಹತ್ತದೆ ಅಂತ ಕೊಬ್ಬರಿ ಕಂಡ್ರೆ ಎತ್ತಿಕೊಳ್ತಾರೆ” ಎಂದ. ತಿಪಟೂರು ಸೀಮೆಯವರು ಕೊಬ್ಬರಿ ಬಿಟ್ಟು ಹೋಗಬೇಕೆಂದರೆ ನಮಗೆ ನಗು ತಡೆಯಲಾಗಲಿಲ್ಲ. 'ಕುಣಿತದ ಕತ್ತಿ ಒಯ್ಯಬಹುದು, ಮರದ್ದಾದರೆ. ಕೊಬ್ಬರಿ ಒಯ್ಯಬಾರದು' ಎಂದು ಕರಡೆಯವನು ಹೇಳಿ ಹೇಳಿ ನಕ್ಕ. ಶಿವಣ್ಣ ವ್ಯಾನಿನ ಮೂತಿಯ ಮೇಲೆ ಉಂಡೆಯನ್ನು ಹೆಚ್ಚಿದ. ಎಲ್ಲರೂ ಅಲ್ಲೇ ನಿಂತು ತಿಂದೆವು. ಬಹಳ ಸಿಹಿ ಇತ್ತು.

ವಿಮಾನದಲ್ಲಿ ಎರಡೂ ಇಪ್ಪತ್ತಕ್ಕೆ ನಾನು ಎದ್ದು ಎಡಗಡೆಯ ಸಾಲಿಗೆ ಹೋದೆ. ಕಿಟಕಿ ಪಕ್ಕದ ಹೆಂಗಸಿಗೆ ಕೈಸನ್ನೆ ಮಾಡಿ ಪರದೆ ಸರಿಸಲು ಕೇಳಿಕೊಂಡೆ. ಗುರುಸಿದ್ದಣ್ಣ ಹಣೆಗೆ ವಿಭೂತಿ ಇಟ್ಟು, ಎಡ ಅಂಗೈ ಬಿಚ್ಚಿ, ನನ್ನ ಮುಖ ನೋಡುತ್ತ ಕುಳಿತಿದ್ದರು. ಎರಡೂ ಇಪ್ಪತ್ತೆಂಟಕ್ಕೆ ಕೆಂಪು ಗೆರೆಯ ಮೇಲೆ ಸೂರ್ಯನ ಅಂಚು ಕಂಡಿತು. ನಾನು ಕೈ ಎತ್ತಿದೆ. ಅವರು ತಲೆ ಬಗ್ಗಿಸಿ ಪೂಜೆಗೆ ತೊಡಗಿದರು. ಆ ಹೆಂಗಸು ಒಮ್ಮೆ ಸೂರ್ಯನನ್ನೂ ಒಮ್ಮೆ ನಮ್ಮ ಅಣ್ಣನನ್ನೂ ನೋಡಿ, ಪರದೆಯನ್ನು ಪೂಜೆ ಮುಗಿಯುವವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದಳು.

ಊರಿಗೆ ಬಂದು ಮಾವನಿಗೆ ಎಲ್ಲ ವರದಿ ಒಪ್ಪಿಸಿದೆ. ಅವರಿಗೆ ಕುಣಿತ, ಸನ್ಮಾನ ಯಾವುದೂ ಬೇಕಿರಲಿಲ್ಲ.

“ಎರಡೂ ಇಪ್ಪತ್ತೆಂಟಾ? ಹನ್ನೆರಡು ನಿಮ್ಷ ಮುಂಚೆನಾ? ನಿನ್ನ ಗಡಿಯಾರ ಸರಿ ಐತಾ?”

“ಸರಿ ಐತೆ ಮಾವ.”

ಒಂದು ದಿನ ಪೂರ್ತಿ ಭೂಪಟದ ಪುಸ್ತಕ ಬಿಡಿಸಿಕೊಂಡು ಕುಳಿತರು. ಮರುದಿನ ಬೆಳಿಗ್ಗೆ ಗೋಡೆಯ ಆ ಕಡೆಯಿಂದ ಅವರು ಗಟ್ಟಿಯಾಗಿ ನಗುವುದು ಕೇಳಿಸಿತು. “ಬಾರ್ಲಾ ಇಲ್ಲಿ” ಎಂದು ಕರೆದರು. “ಮರದ ಮೇಲಿರೋನಿಗೆ ಬುಡದಾಗೆ ಇರೋನಿಗಿಂತ ಮೊದ್ಲು ಹೊತ್ತು ಕಾಣಲ್ವೇನ್ಲಾ? ನೀವು ಹತ್ತು ಕಿಲೋಮೀಟ್ರು ಎತ್ತರದ ಮರದ ಮೇಲಿದ್ರಿ. ನಾನು ಕಾಳನ್ನ ಕರಟಕ್ಕೆ ಅಂಟಿಸಿಬುಟ್ಟಿದ್ದೆ. ಮರ ಹತ್ತಿದೋನು ನಾನೇ, ಮರ್ತೆ ನೋಡು.” ತಮ್ಮ ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಅದೇ ಹೊತ್ತು ನೋಡಿ ನಾನು, “ಮಾವ, ಆ ಕಾಯಿ ತಂದುಕೊಟ್ಟೋನು ನಾನು” ಎಂದೆ.

“ಯಾವ ಕಾಯಿ?”

“ನೀವು ನೋಡಿದ್ರಿ. ಬಾಯಿ ತೆರೆದ್ರಿ.”

“ಆಕಳಿಕೆ ಬಂದಿತ್ತು ಕಣ್ಲಾ. ಬೆಳಿಗ್ಗೆ ನಾಲ್ಕಕ್ಕೇ ಎದ್ದಿದ್ದೆ” ಎಂದು ಟೇಪು ಹುಡುಕಲು ಒಳಗೆ ಹೋದರು. ಮತ್ತೆ ಕಾಯಿ ಉರುಳಿಸಲು ಶುರುಮಾಡಿದರು. ಎರಡನೆಯದು ನಾಲ್ಕು ವರ್ಷಕ್ಕೆ ಸಿಕ್ಕಿತು. ಹೇಗೆ ಅಳೆದರೂ ಮೂವತ್ತೊಂಬತ್ತೂವರೆ. “ಭೂಮಿ ಸ್ವಲ್ಪ ಬತ್ತೈತೆ, ಬುಡು” ಎಂದು ಅದರಲ್ಲೇ ಗೆರೆ ಎಳೆದುಕೊಂಡರು. ಅದೀಗ ನಮ್ಮ ಮನೆಯಲ್ಲಿದೆ, ಕೆಳಗಿನ ಗೂಡಿನಲ್ಲೂ ಅಲ್ಲ, ಮೇಲಿನ ಗೂಡಿನಲ್ಲೂ ಅಲ್ಲ. ಗಾಜಿನ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ.

ಅದು ಆಕಳಿಕೆಯಲ್ಲ. ಕಾಯಿ ಒಡೆದದ್ದನ್ನು ಕಂಡವರು ಬೇಕಾದಷ್ಟು ಜನ ಇದ್ದಾರೆ. ಶಿವಣ್ಣ ಇದ್ದಾನೆ, ಈಗಲೂ ಅದೇ ವ್ಯಾನು ಓಡಿಸುತ್ತಾನೆ. ಗುರುಸಿದ್ದಣ್ಣ ಇದ್ದಾರೆ. ಅದು ಯಾವ ಕಾಯಿ ಎಂದು ಅವರಿಗೆ ಹೋದ ವಾರ ನಾನೇ ಹೇಳಿದೆ. ಅವರು ಹೆಗಲ ಮೇಲಿನ ಶಲ್ಯ ತೆಗೆದು ಮುಖ ಒರೆಸಿಕೊಂಡರು. ಆದರೆ ಅವರಿಬ್ಬರೂ ಆಗ ನೋಡುತ್ತಿದ್ದುದು ಕಾಯಿಯನ್ನು. ಮಾವ ಬಾಯಿ ತೆರೆದದ್ದನ್ನು, ಮತ್ತೆ ಮುಚ್ಚಿದ್ದನ್ನು ಕಂಡವರು ಇಬ್ಬರೇ. ಒಬ್ಬರು ಗೌರಮ್ಮತ್ತೆ. ಸೌಟು ಹಿಡಿದುಕೊಂಡೇ ಹೊಸ್ತಿಲವರೆಗೆ ಬಂದಿದ್ದರು. ಕೇಳಿದರೆ ಈಗಲೂ ಹೇಳುತ್ತಾರೆ. ಇನ್ನೊಬ್ಬ ನಾನು.